ಬಾಟಲಿ ಹೊರಗೆ, ಬಿಯರ್ ಒಳಗೆ

ಗೋಲ್ ಆದದ್ದು ಇಪ್ಪತ್ತಾರನೇ ನಿಮಿಷಕ್ಕಂತೆ. ಅಂತೆ, ಯಾಕೆಂದರೆ ಆ ಹೊತ್ತಿಗೆ ನನ್ನ ಮೂಗಿನ ಮುಂದೆ ಇದ್ದದ್ದು ಒಬ್ಬ ಭಾರೀ ಮನುಷ್ಯನ ಒದ್ದೆ ಜಾಕೆಟ್ಟು. ಆಟ ಶುರುವಾದ ಮೇಲೆ ಏದುಸಿರು ಬಿಡುತ್ತ ಬಂದು, ನಮ್ಮ ಸಾಲಿನವರನ್ನೆಲ್ಲ ಎಬ್ಬಿಸಿ, ಒಳಗಿನ ಕುರ್ಚಿಯಲ್ಲಿ ಕೂತಿದ್ದ ಆಸಾಮಿ. ಅರ್ಧ ಗಂಟೆಯೂ ಆಗಿರಲಿಲ್ಲ, “ಸಾರಿ ಹೆನ್, ಸಾರಿ ಪಾಲ್” (ಸಾರಿ ತಾಯಿ, ಸಾರಿ ಗೆಳೆಯ) ಎನ್ನುತ್ತ ಮತ್ತೆ ಎಲ್ಲರನ್ನೂ ಎಬ್ಬಿಸಿಕೊಂಡು ಶೌಚಾಲಯಕ್ಕೆ ಹೊರಟಿದ್ದ. ನನ್ನ ಮಂಡಿಗೂ ಮುಂದಿನ ಕುರ್ಚಿಯ ಬೆನ್ನಿಗೂ ನಡುವೆ ಅವನ ಹೊಟ್ಟೆ ಸಿಕ್ಕಿಕೊಂಡ ಗಳಿಗೆಯಲ್ಲೇ ಇಡೀ ಮೈದಾನ ಎದ್ದು ಕುಣಿಯಿತು. ಅವನು ಅಲ್ಲೇ ತಿರುಗಿ ನೋಡಿದ, ಗೋಲ್ ಕಂಡ, ಖುಷಿಗೆ ನನ್ನನ್ನೇ ತಬ್ಬಿಕೊಂಡ. ಪಬ್ಬಿನ ವಾಸನೆ ಗಮ್ಮೆಂದು ಮುಖಕ್ಕೆ ಹೊಡೆಯಿತು. ಪಕ್ಕದಲ್ಲಿದ್ದ ನಮ್ಮನೆಯವರು ನನ್ನ ಕಡೆ ತಿರುಗಿ, “ನೋಡಿದ್ಯಾ? ಎಂಥಾ ಗೋಲು!” ಎಂದರು. ನೋಡಿದೆ ಎಂದೆ. ಇನ್ನೇನು ಹೇಳುವುದು?

ಇದು ಗ್ಲಾಸ್ಗೋ. ಯಾವ ತಂಡದ ಮೈದಾನ ಎಂದು ಹೇಳುವುದಿಲ್ಲ. ಈ ಊರಲ್ಲಿ ತಂಡದ ಹೆಸರು ಹೇಳುವುದೆಂದರೆ ನಮ್ಮಲ್ಲಿ ಅಡ್ಡಹೆಸರು ಹೇಳಿದ ಹಾಗೆ, ಕೇಳಿದವರು ಉಳಿದದ್ದನ್ನೆಲ್ಲ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಸ್ಕಾಟ್ಲೆಂಡಿನ ದೊಡ್ಡ ಫುಟ್‌ಬಾಲ್ ಮೈದಾನಗಳಲ್ಲಿ ಸಾಮಾನ್ಯ ಪ್ರೇಕ್ಷಕನಿಗೆ ಒಂದು ಹನಿ ಮದ್ಯ ಸಿಗುವುದಿಲ್ಲ. ತರುವ ಹಾಗೂ ಇಲ್ಲ. 1980ರ ಮೇ 10ರಂದು ಹ್ಯಾಂಪ್‌ಡನ್ ಪಾರ್ಕಿನಲ್ಲಿ ಸ್ಕಾಟಿಷ್ ಕಪ್ಪಿನ ಫೈನಲ್ ನಡೆಯಿತು. ಹೆಚ್ಚುವರಿ ಸಮಯದಲ್ಲಿ ಸೆಲ್ಟಿಕ್ ಒಂದು ಗೋಲಿನಿಂದ ರೇಂಜರ್ಸನ್ನು ಸೋಲಿಸಿತು. ಎರಡೂ ಇದೇ ಊರಿನ ಬದ್ಧವೈರಿ ತಂಡಗಳು, ಸೆಲ್ಟಿಕ್ ಕ್ಯಾಥೊಲಿಕ್ಕರದು, ರೇಂಜರ್ಸ್ ಪ್ರೊಟೆಸ್ಟಂಟರದು ಎಂದು ಲೆಕ್ಕ. ಎರಡೂ ಕಡೆಯವರು ಬೇಲಿ ಹಾರಿ ಮೈದಾನಕ್ಕೆ ಇಳಿದು ಬಾಟಲಿ, ಬಿಯರ್ ಡಬ್ಬಿಗಳಲ್ಲಿ ಹೊಡೆದಾಡಿದರು. ಕುದುರೆ ಏರಿದ ಪೊಲೀಸರು ಬಂದು ಅಟ್ಟಾಡಿಸಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಅದೇ ವರ್ಷ ಕಾನೂನು ಬಂತು. ಆ ದಿನ ಬೇಲಿ ಹಾರಿದ ಹುಡುಗರು ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಮ್ಯಾಚಿಗೆ ಬರುತ್ತಾರೆ, ಕಾನೂನು ಮಾತ್ರ ಇದ್ದಲ್ಲೇ ಇದೆ.

ಕಾನೂನಿನ ಪ್ರಕಾರ ಕುಡಿದು ಒಳಗೆ ಬರುವುದೂ ಅಪರಾಧ. ಅದನ್ನು ಅಕ್ಷರಶಃ ಪಾಲಿಸಿದರೆ ಶನಿವಾರ ಮಧ್ಯಾಹ್ನ ಮೂರಕ್ಕೆ ಮೈದಾನದಲ್ಲಿ ಉಳಿಯುವವರು ಇಪ್ಪತ್ತೆರಡು ಆಟಗಾರರು, ರೆಫರಿ, ಮತ್ತು ನಾನು. ಗೇಟಿನಲ್ಲಿರುವ ಸ್ಟೂವರ್ಡ್ ನನ್ನ ನೀರಿನ ಬಾಟಲಿಯ ಮುಚ್ಚಳವನ್ನು ಮಾತ್ರ ತಪ್ಪದೆ ಕಿತ್ತುಕೊಳ್ಳುತ್ತಾನೆ. ಮುಚ್ಚಳ ಬಿಗಿದ ತುಂಬಿದ ಬಾಟಲಿಯನ್ನು ಬೀಸಿ ಒಗೆದರೆ ಯಾರಿಗಾದರೂ ಪೆಟ್ಟಾಗುತ್ತದಂತೆ. ಹಿಂದೆಯೇ ಐದು ಪೈಂಟ್ ಬಿಯರನ್ನು ಹೊಟ್ಟೆಯಲ್ಲಿ ಭದ್ರವಾಗಿ ಇಟ್ಟುಕೊಂಡು ಬಂದವನಿಗೆ “ಎಂಜಾಯ್ ದ ಗೇಮ್” ಎಂದು ಹಾರೈಸಿ ಬಿಡುತ್ತಾನೆ. ನಮ್ಮನೆಯವರು ಈಚೆಗೆ ಕೋಟಿನ ಜೇಬಿನಲ್ಲಿ ಒಂದು ಹೆಚ್ಚಿನ ಮುಚ್ಚಳ ಇಟ್ಟುಕೊಂಡೇ ಹೊರಡುತ್ತಾರೆ. ಒಳಗೆ ಹೋಗಿ ಕೂತು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಬಾಟಲಿಗೆ ತಿರುಗಿಸುತ್ತಾರೆ. ಅವರ ಜೀವಮಾನದ ಕಾನೂನುಭಂಗ ಇದೊಂದೇ.

ಒಳಗೆ ಸಿಗದ್ದನ್ನು ಹೊರಗೆ ಅವಸರದಲ್ಲಿ ಸುರಿದುಕೊಂಡು, ಕೊನೇ ಕ್ಷಣಕ್ಕೆ ನುಗ್ಗಿ, ಇಪ್ಪತ್ತೈದನೇ ನಿಮಿಷಕ್ಕೆ ಎದ್ದು ಹೋಗುವ ಈ ವ್ಯವಸ್ಥೆಯ ನೇರ ಪರಿಣಾಮ ನನ್ನ ಮಂಡಿಯ ಮೇಲೆ ಆಗುತ್ತಿದೆ ಎನ್ನುವುದು ನನ್ನ ತಕರಾರು.

ಹಾಗಾದರೆ ಒಳಗೆ ಕುಡಿಯುವುದಕ್ಕೆ ಏನಿದೆ? ಐರ್ನ್ ಬ್ರೂ ಎಂಬ ಕಿತ್ತಳೆ ಬಣ್ಣದ ಸೋಡಾ ಇದೆ. ಟೀ ಎಂಬ ಹೆಸರಿನ ಬಿಸಿನೀರು ಇದೆ. ಮತ್ತು ಬೋವ್ರಿಲ್ ಇದೆ. ಬೋವ್ರಿಲ್ ವಿಷಯ ಬಂದ ಮೇಲೆ ನಮ್ಮ ಅತ್ತೆಯವರ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅತ್ತೆ ದಾವಣಗೆರೆಯವರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಡಿಸೆಂಬರಿನಲ್ಲಿ ಮಗನ ಮನೆ ನೋಡಲು ಬಂದಿದ್ದರು. “ಅಮ್ಮ ಒಂದು ಮ್ಯಾಚ್ ನೋಡ್ಲಿ” ಎಂದು ಇವರಿಗೆ ಯಾಕೆ ಅನ್ನಿಸಿತೋ. ಸೀರೆಯ ಮೇಲೆ ಮಗನ ಸ್ವೆಟರು, ಅದರ ಮೇಲೆ ನನ್ನ ಕೋಟು, ಕಾಲಿಗೆ ಎರಡೆರಡು ಕಾಲುಚೀಲ, ತಲೆಗೆ ತಂಡದ ಟೋಪಿ. ಹಲ್ಲು ಕಟಕಟಿಸುವ ಚಳಿ. ಅರ್ಧ ಆಟ ಮುಗಿದಾಗ ನಾನು ಮ್ಯಾಕರೋನಿ ಪೈ ತರಲು ಕ್ಯೂನಲ್ಲಿ ನಿಂತಿದ್ದೆ. ಸ್ಕಾಟ್ಲೆಂಡ್ ಸಸ್ಯಾಹಾರಿಗಳಿಗೆ ಮಾಡಿರುವ ಒಂದೇ ಉಪಕಾರ ಅದು, ಹಿಟ್ಟಿನ ಬಟ್ಟಲಿನಲ್ಲಿ ಚೀಸ್ ಬೆರೆಸಿದ ಮ್ಯಾಕರೋನಿ. ವಾಪಸ್ ಬಂದು ನೋಡಿದರೆ ಅತ್ತೆ ಎರಡೂ ಕೈಯಲ್ಲಿ ಕಾಗದದ ಲೋಟ ಹಿಡಿದು ಊದಿ ಊದಿ ಏನೋ ಕುಡಿಯುತ್ತಿದ್ದಾರೆ. ಪಕ್ಕದ ಸೀಟಿನ ಮುದುಕರು, ಈ ಹೆಂಗಸು ಚಳಿಗೆ ಸಾಯುತ್ತಿದ್ದಾಳೆ ಎಂದು ಕರುಣೆಯಿಂದ ತಮ್ಮ ದುಡ್ಡಿನಲ್ಲೇ ತಂದುಕೊಟ್ಟಿದ್ದರು. ಇವರು ಫೋನಿನಲ್ಲಿ ಮುಳುಗಿದ್ದರು.

“ಸಾರು ಚೆನ್ನಾಗೈತಿ ಕಣವ್ವ, ಉಪ್ಪು ಒಂಚೂರು ಮುಂದು” ಎಂದರು ಅತ್ತೆ. ಲೋಟ ಖಾಲಿಯಾಗಿತ್ತು.

ಬೋವ್ರಿಲ್ ಎಂದರೆ ದನದ ಮಾಂಸದ ಸಾರವನ್ನು ಡಾಂಬರಿನಷ್ಟು ಗಟ್ಟಿಯಾಗಿ ಬತ್ತಿಸಿ ಸೀಸೆಯಲ್ಲಿ ತುಂಬಿದ್ದು. ಒಂದು ಚಮಚ ತೆಗೆದು ಕುದಿನೀರಿಗೆ ಕದಡಿದರೆ ಆಯಿತು. ಜಾನ್ ಲಾಸನ್ ಜಾನ್ಸ್‌ಟನ್ ಎಂಬ ಸ್ಕಾಟ್‌ಲೆಂಡಿನ ಕಸಾಯಿಯವನು ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಸೈನ್ಯಕ್ಕೆ ದನದ ಮಾಂಸ ಒದಗಿಸುವ ಗುತ್ತಿಗೆ ಹಿಡಿದು, ಆ ದಾರಿಯಲ್ಲಿ ಇದನ್ನು ಕಂಡುಹಿಡಿದ. ಒಂದು ಕಾಲಕ್ಕೆ ಇದರ ಜಾಹೀರಾತಿನಲ್ಲಿ ಪೋಪ್ ಕೈಯಲ್ಲೇ ಲೋಟ ಹಿಡಿಸಿದ್ದರು. ಪೋಪನನ್ನು ಒಪ್ಪದ ರೇಂಜರ್ಸ್ ಕಡೆಯ ಸ್ಟ್ಯಾಂಡಿನಲ್ಲೂ ಅದನ್ನೇ ಕುಡಿಯುತ್ತಾರೆ ಎನ್ನುವುದು ಬೇರೆ ಮಾತು.

ಆ ರಾತ್ರಿ ನಾವಿಬ್ಬರೂ ಅಡುಗೆಮನೆಯಲ್ಲಿ ಪಿಸುಮಾತಿನ ಸಭೆ ನಡೆಸಿದೆವು. ಹೇಳುವುದೋ ಬೇಡವೋ? ಹೇಳಬೇಡ ಎಂದರು ಇವರು. ನಾನು ಒಪ್ಪಿದೆ. ವರ್ಷಗಳು ಹೋದವು. ಆಮೇಲೆ ಒಂದು ದಿನ ಎಲ್ಲೋ ಓದಿದೆ: ಬೋವ್ರಿಲ್ ಕಂಪನಿಯವರು 2004ರಲ್ಲಿ ಅದರಿಂದ ದನದ ಮಾಂಸವನ್ನೇ ತೆಗೆದು, ಬದಲಿಗೆ ಯೀಸ್ಟಿನ ಸಾರ ಹಾಕಿದ್ದರು. ಹುಚ್ಚುಹಸುವಿನ ರೋಗದಿಂದಾಗಿ ರಫ್ತಿಗೆ ಕಷ್ಟವಾಗಿತ್ತು. 2006ರಲ್ಲಿ ಮತ್ತೆ ಮಾಂಸ ಸೇರಿಸಿದರು. ಅಂದರೆ ಮಧ್ಯೆ ಒಂದೆರಡು ವರ್ಷ ಬೋವ್ರಿಲ್ ಶುದ್ಧ ಸಸ್ಯಾಹಾರಿ!

ಅತ್ತೆ ಬಂದದ್ದು 2005ರ ಡಿಸೆಂಬರಿನಲ್ಲಿ ಎನ್ನುತ್ತಾರೆ ಇವರು. ಇಲ್ಲ, 2006ರ ಡಿಸೆಂಬರ್ ಎಂದು ನನ್ನ ವಾದ. ಹಳೆಯ ಸೋಫಾ ಆಗ ಇತ್ತೋ ಹೊಸದು ಬಂದಿತ್ತೋ ಎನ್ನುವುದರ ಮೇಲೆ ಈ ಮೊಕದ್ದಮೆ ಇನ್ನೂ ನಡೆದಿದೆ. ಅತ್ತೆಯ ಹಳೆಯ ಪಾಸ್‌ಪೋರ್ಟಿನಲ್ಲಿ ಮುದ್ರೆ ಇರಬೇಕು. ಅದು ದಾವಣಗೆರೆಯ ಬೀರುವಿನಲ್ಲಿ, ನುಸಿಗುಳಿಗೆ ಹಾಕಿದ ರೇಷ್ಮೆ ಸೀರೆಗಳ ಕೆಳಗೆ ಇದೆ. ಅದನ್ನು ಕೇಳಿದರೆ “ಯಾಕೆ?” ಎಂದು ಕೇಳುತ್ತಾರೆ. ಈಗಲೂ ಫೋನ್ ಮಾಡಿದಾಗ ಒಮ್ಮೊಮ್ಮೆ, “ಆ ಮೈದಾನದಾಗೆ ಕುಡಿದ ಸಾರು ಎಲ್ಲೂ ಸಿಗ್ಲಿಲ್ಲ ನೋಡು” ಎನ್ನುತ್ತಾರೆ. ಒಂದು ಸಾಧಾರಣ ಬಿಯರ್ ಲೋಟಕ್ಕೆ ಅನುಮತಿ ಇದ್ದಿದ್ದರೆ ಆ ಮುದುಕರು ಬೋವ್ರಿಲ್ ಕ್ಯೂನಲ್ಲಿ ಯಾಕೆ ನಿಲ್ಲುತ್ತಿದ್ದರು? ಕಾನೂನು ಮಾಡುವವರು ಇಷ್ಟು ದೂರ ಯೋಚಿಸುವುದಿಲ್ಲ.

ಇನ್ನು ಸಿಟ್ಟಿನ ಮಾತು. ಮೈದಾನದಲ್ಲಿ ಮದ್ಯವೇ ಇಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹಾಸ್ಪಿಟಾಲಿಟಿ ಎಂದು ಮೇಲೊಂದು ಲೋಕ ಇದೆ. ಅಲ್ಲಿಗೆ ಟಿಕೆಟ್ ಕೊಂಡರೆ ಬಿಳಿ ಮೇಜುಬಟ್ಟೆ, ಮೂರು ಬಗೆಯ ಊಟ, ಅದರ ಜತೆಗೆ ವೈನ್. ಅದೇ ಕಟ್ಟಡ, ಅದೇ ಪಂದ್ಯ. ಕಂಬಳಿ ಟೋಪಿ ಹಾಕಿದವನು ಕುಡಿದರೆ ಗಲಭೆ, ಟೈ ಕಟ್ಟಿದವನು ಕುಡಿದರೆ ಆತಿಥ್ಯ. ರಗ್ಬಿಯವರಿಗಂತೂ ಈ ಕಾಟವೇ ಇಲ್ಲ. ಎಡಿನ್‌ಬರೋದ ಮರ್ರಿಫೀಲ್ಡಿನಲ್ಲಿ 2007ರಿಂದ ಪ್ರೇಕ್ಷಕರಿಗೆ ಮತ್ತೆ ಬಿಯರ್ ಮಾರುತ್ತಿದ್ದಾರೆ. ಇಂಗ್ಲೆಂಡಿನ ಕಾನೂನು ಇನ್ನೂ ಸೊಗಸು. 1985ರದು. ಅಲ್ಲಿ ಮೈದಾನದ ಒಳಗೇ ಬಿಯರ್ ಕುಡಿಯಬಹುದು, ಆದರೆ ಕುಡಿಯುವಾಗ ಹುಲ್ಲು ಕಾಣಬಾರದು. ಲಂಡನ್ನಿನ ಟಾಟನ್‌ಹ್ಯಾಮ್ ತಂಡದ ಹೊಸ ಸ್ಟೇಡಿಯಮ್ಮಿನಲ್ಲಿ 65 ಮೀಟರ್ ಉದ್ದದ ಬಾರ್ ಕಟ್ಟಿದ್ದಾರೆ, ಆದರೆ ಫುಟ್‌ಬಾಲ್ ದಿನ ಲೋಟ ಹಿಡಿದು ಸೀಟಿಗೆ ಬರುವ ಹಾಗಿಲ್ಲ. ಅದೇ ಸ್ಟೇಡಿಯಮ್ಮಿಗೆ ಅಮೆರಿಕದವರು ಬಂದು ಅವರ ಫುಟ್‌ಬಾಲ್ ಆಡಿದ ದಿನ ಅದೇ ಸೀಟಿನಲ್ಲಿ ಅದೇ ಬಿಯರ್ ನಿರುಪದ್ರವಿ.

ಕತಾರಿನಲ್ಲಿ ಆದದ್ದೂ ಇದೇ. 2022ರ ವಿಶ್ವಕಪ್ ಶುರುವಾಗುವುದಕ್ಕೆ ಎರಡು ದಿನ ಇದೆ ಎನ್ನುವಾಗ ಸ್ಟೇಡಿಯಂ ಆವರಣದಲ್ಲಿ ಬಿಯರ್ ಇಲ್ಲ ಎಂದು ಘೋಷಿಸಿದರು. ಪ್ರಾಯೋಜಕರಾದ ಬಡ್‌ವೈಸರ್‌ನವರು ಗೋದಾಮು ತುಂಬಿಕೊಂಡು ಕೂತಿದ್ದರು. ದೋಹಾದಲ್ಲಿ ಕೆಲಸ ಮಾಡುವ ಇವರ ಚಿಕ್ಕಪ್ಪನ ಮಗ ಮೊದಲ ಪಂದ್ಯ ನೋಡಲು ಹೋಗಿದ್ದ. ಎಕ್ವಡಾರ್‌ನವರು ಗೋಲ್ ಹೊಡೆದು ಗೆಲ್ಲುತ್ತಲೇ “ಕೆರೆಮೋಸ್ ಸೆರ್ವೇಸಾ”, ನಮಗೆ ಬಿಯರ್ ಬೇಕು, ಎಂದು ಹಾಡತೊಡಗಿದರಂತೆ. ಇವನೂ ಅರ್ಥ ಗೊತ್ತಿಲ್ಲದೆ, ಏನೋ ದೇಶಭಕ್ತಿಯ ಘೋಷಣೆ ಇರಬೇಕೆಂದು ದನಿಗೂಡಿಸಿದ. ಅಲ್ಲೂ ಮೇಲಿನ ಗಾಜಿನ ಕೋಣೆಗಳಲ್ಲಿ ಕೂತವರಿಗೆ ಮದ್ಯ ಬರುತ್ತಲೇ ಇತ್ತು. ಮೂರು ಗಂಟೆ ಬಿಯರ್ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ ಎಂಬರ್ಥದ ಮಾತನ್ನು ಫಿಫಾದ ಅಧ್ಯಕ್ಷರು ಆಡಿದರು. ಹಿಂದೆ ಬ್ರೆಜಿಲಿನಲ್ಲಿ ಮೈದಾನದಲ್ಲಿ ಮದ್ಯ ಬೇಡ ಎಂಬ ನಿಯಮ ಇದ್ದಾಗ, 2014ರ ವಿಶ್ವಕಪ್ಪಿಗೆ ಬಿಯರ್ ಬೇಕೇ ಬೇಕು ಎಂದು ಹಟ ಹಿಡಿದು ನಿಯಮ ಸಡಿಲಿಸಿಕೊಂಡದ್ದು ಇದೇ ಫಿಫಾ.

ಇಷ್ಟು ಹೇಳಿದ ಮೇಲೆ, ಕೊಡಿ, ಎಲ್ಲರಿಗೂ ಒಂದೊಂದು ಲೋಟ ಕೊಡಿ ಎಂದು ಬರೆದು ಮುಗಿಸಬಹುದಿತ್ತು. ಸ್ಕಾಟಿಷ್ ಲೇಬರ್ ಪಕ್ಷದ ನಾಯಕರಾಗಿದ್ದ ಜಿಮ್ ಮರ್ಫಿ 2014ರಲ್ಲಿ ಈ ನಿಷೇಧ ತೆಗೆಯಬೇಕೆಂದು ದನಿ ಎತ್ತಿದ್ದರು. ಅವರು ಮದ್ಯ ಮುಟ್ಟದವರು, ಮಾಂಸ ತಿನ್ನದವರು. ಇಂಥವರೊಬ್ಬರು ನನ್ನ ಪರ ಇದ್ದಾರೆ ಎಂದು ಖುಷಿಯಾಗಿತ್ತು.

ಆದರೆ ನನ್ನ ಗೆಳತಿಯೊಬ್ಬಳು ರಗ್ಬಿ ನೋಡುವವಳು. ಅವಳು ನಕ್ಕಳು. ಸೀಟಿಗೆ ಬಿಯರ್ ಬಿಟ್ಟರೆ ಜನ ಏಳುವುದು ಕಡಿಮೆಯಾಗುತ್ತದೆ ಎಂದುಕೊಂಡಿದ್ದೀಯಾ? ತರಲು ಒಮ್ಮೆ ಏಳುತ್ತಾರೆ, ಬಿಡಲು ಒಮ್ಮೆ ಏಳುತ್ತಾರೆ, ಪಕ್ಕದವನಿಗೆ ತರಲು ಇನ್ನೊಮ್ಮೆ. ವೇಲ್ಸಿನ ಕಾರ್ಡಿಫ್ ಮೈದಾನದಲ್ಲಿ ಈ ಗೋಳು ತಡೆಯಲಾರದೆ ಮದ್ಯವಿಲ್ಲದ ಸೀಟುಗಳೆಂದೇ ಬೇರೆ ಮಾಡಬೇಕಾಯಿತು ಎಂದಳು. ನನ್ನ ಮಂಡಿಯ ವಾದ ಅಲ್ಲಿಗೆ ಬಿತ್ತು.

ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಸೆಲ್ಟಿಕ್ ಮತ್ತು ರೇಂಜರ್ಸ್ ಆಡಿದ ದಿನ ಈ ಊರಿನ ಪೊಲೀಸರಿಗೆ ಮನೆಯೊಳಗಿನ ಹೊಡೆತದ ದೂರುಗಳು ಹೆಚ್ಚಾಗಿ ಬರುತ್ತವೆ ಎಂದು ಅಧ್ಯಯನ ಮಾಡಿದವರು ಲೆಕ್ಕವಿಟ್ಟು ಹೇಳಿದ್ದಾರೆ. ಮೈದಾನ ನಾಲ್ಕು ದಶಕದಿಂದ ಒಣಗಿದೆ, ಕುಡಿದದ್ದು ಪಬ್ಬಿನಲ್ಲಿ, ಸೋಫಾದ ಮೇಲೆ. ಕುದುರೆ ಪೊಲೀಸರು ಹೋಗಲಾಗದ ಜಾಗ ಅದು. ನಿಷೇಧ ತೆಗೆದರೆ ಅಲ್ಲಿ ಏನಾಗುತ್ತದೆ, ಹಾಗೇ ಉಳಿಸಿದರೆ ಏನಾಗುತ್ತದೆ? ಇದನ್ನು ನಮ್ಮನೆಯವರ ಸ್ನೇಹಿತರ ಮುಂದೆ ಎತ್ತಿದರೆ ಎಲ್ಲರೂ ಒಮ್ಮೆಲೇ ಆಫ್‌ಸೈಡ್ ನಿಯಮದ ಕಡೆ ಹೊರಳಿಬಿಡುತ್ತಾರೆ. ಆ ವೇಗ ಅವರ ತಂಡಕ್ಕಿದ್ದಿದ್ದರೆ ಕಪ್ ಗೆಲ್ಲುತ್ತಿತ್ತು.

ನನ್ನ ಗೊಣಗಾಟ ಕೇಳಿ ಕೇಳಿ ಇವರು ಕೊನೆಗೊಂದು ಪರಿಹಾರ ಹುಡುಕಿದರು. ಈ ಸಲದ ಮದುವೆ ವಾರ್ಷಿಕೋತ್ಸವಕ್ಕೆ ಹಾಸ್ಪಿಟಾಲಿಟಿ ಟಿಕೆಟ್ ತೆಗೆಯೋಣ, ಮೆತ್ತನೆ ಕುರ್ಚಿ ಇರುತ್ತದೆ, ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂದರು. ಸಾಮಾನ್ಯ ಜನಕ್ಕೆ ಇಲ್ಲದ ಸವಲತ್ತು ನಮಗೆ ಬೇಡ ಎಂದು ಭಾಷಣ ಮಾಡಿದೆ. ಮಾಡಿದ ಮೇಲೆ, ಕುತೂಹಲಕ್ಕೆ, ಫೋನ್ ಹಚ್ಚಿ ಊಟಕ್ಕೆ ಏನಿರುತ್ತದೆ ಎಂದು ವಿಚಾರಿಸಿದೆ. ಮಾಂಸಾಹಾರಿಗಳಿಗೆ ಕುರಿ, ಕೋಳಿ, ಮೀನು. ಸಸ್ಯಾಹಾರಿಗಳಿಗೆ ಅಣಬೆ ರಿಸೊಟ್ಟೊ.

ಈ ದೇಶದಲ್ಲಿ ಮದುವೆಗೆ ಹೋಗಿ, ಆಫೀಸಿನ ಪಾರ್ಟಿಗೆ ಹೋಗಿ, ಅಣಬೆ ರಿಸೊಟ್ಟೊ. ಮುದ್ದೆಯೂ ಅಲ್ಲದ ಅನ್ನವೂ ಅಲ್ಲದ ಆ ಗಂಜಿಯನ್ನು ಕಾನೂನು ತಂದು ನಿಲ್ಲಿಸುವ ಪಕ್ಷ ಯಾವುದಾದರೂ ಇದ್ದರೆ, ಮೈದಾನದ ಬಿಯರಿನ ಬಗ್ಗೆ ಅದರ ನಿಲುವು ಏನೇ ಇರಲಿ, ನನ್ನ ವೋಟು ಅದಕ್ಕೇ.