ಸತ್ಯಾಂಶ: ‘ಬಾಂಬ್‌ಶೆಲ್’ಗೆ ಟೋನಿ ಬಂದದ್ದು ಧಾರಾವಾಹಿಯೊಳಗೆ ಮಾತ್ರ

ಹಾಲಿವುಡ್ ನಟಿ ಮರ್ಲಿನ್ ಮನ್ರೋ ಬದುಕಿನ ಮೇಲಿನ ‘ಬಾಂಬ್‌ಶೆಲ್’ ಸಂಗೀತ ನಾಟಕ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣ ಬ್ರಾಡ್‌ವೇಯಲ್ಲಿ ಓಡಿ, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಗೆದ್ದಿತ್ತು ಅಂತ ಹಾಡಿನ ತುಣುಕಿನ ಜೊತೆ ಒಂದು ಮೆಸೇಜ್ ಓಡಾಡುತ್ತದೆ. ಹಾಡು ನಿಜ, ಪ್ರಶಸ್ತಿ ಬರೀ ಕಟ್ಟುಕಥೆ.

‘ಬಾಂಬ್‌ಶೆಲ್’ ಹುಟ್ಟಿದ್ದು ಅಮೆರಿಕದ ಎನ್‌ಬಿಸಿ ವಾಹಿನಿಯ ‘ಸ್ಮ್ಯಾಶ್’ ಧಾರಾವಾಹಿಯಲ್ಲಿ. 2012–13ರಲ್ಲಿ ಎರಡು ಸೀಸನ್ ಬಂತು. ‘ಬಾಂಬ್‌ಶೆಲ್’ ಅನ್ನೋ ನಾಟಕ ಕಟ್ಟುವವರ ಪಾಡೇ ಅದರ ಕಥೆ. ಕೊನೆಗೆ ಆ ನಾಟಕಕ್ಕೆ ಟೋನಿ ಸಿಗುತ್ತದೆ. 2013ರ ನಿಜವಾದ ಟೋನಿಯಲ್ಲಿ ಅತ್ಯುತ್ತಮ ಸಂಗೀತ ನಾಟಕವಾಗಿದ್ದು ‘ಕಿಂಕಿ ಬೂಟ್ಸ್’.

ಜನ ನಂಬಿದ್ದು ಸಹಜವೇ. ಹಾಡುಗಳನ್ನು ಸುಮ್ನೆ ಸೀರಿಯಲ್‌ಗೆ ಸಾಕು ಅಂತ ಬರೆದಿರಲಿಲ್ಲ. ಬ್ರಾಡ್‌ವೇಯ ‘ಹೇರ್‌ಸ್ಪ್ರೇ’ ಸಂಗೀತ ನಾಟಕಕ್ಕೆ ಹಾಡು ಕಟ್ಟಿದ ಮಾರ್ಕ್ ಶೇಮನ್ ಮತ್ತು ಸ್ಕಾಟ್ ವಿಟ್‌ಮನ್ ಜೋಡಿಯೇ ಇವನ್ನೂ ಮಾಡಿತ್ತು. ಬೇಸ್‌ಬಾಲ್ ಆಟಗಾರರ ನಡುವೆ ಮರ್ಲಿನ್ ಹಾಡಿ ಕುಣಿಯುವ ದೃಶ್ಯ ನೋಡಿ. ಮುಂದೆ ಅವಳ ಗಂಡನಾಗುವ ಆಟಗಾರ ಜೋ ಡಿಮ್ಯಾಜಿಯೊನ ಕಥೆಗೆ ಅದು ಎಷ್ಟು ಚಂದದ ದಾರಿ! ಧಾರಾವಾಹಿಯ ನಟಿ ಮೆಗನ್ ಹಿಲ್ಟಿ ಹಾಡುವಾಗ ಇದು ಟಿವಿಗಾಗಿ ಮಾಡಿದ್ದು ಅನ್ನೋದೇ ಮರೆತುಹೋಗುತ್ತದೆ. 2013ರಲ್ಲಿ ಹಾಡುಗಳ ಆಲ್ಬಂ ಕೂಡ ಬಂತು.

ವೇದಿಕೆಗೂ ಬಂದಿದ್ದುಂಟು, ಆದರೆ ಒಂದೇ ರಾತ್ರಿ. 2015ರ ಜೂನ್ 8ರಂದು ಕಲಾವಿದರ ನೆರವಿಗಾಗಿ ನ್ಯೂಯಾರ್ಕ್‌ನ ಮಿನ್ಸ್ಕಾಫ್ ಥಿಯೇಟರಿನಲ್ಲಿ ಸಂಗೀತ ಕಛೇರಿಯಾಗಿ ನಡೆಯಿತು.

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಾಡ್‌ವೇಯಲ್ಲಿ ಓಡಿದ್ದು ಆ ಧಾರಾವಾಹಿಯನ್ನು ಆಧರಿಸಿದ ‘ಸ್ಮ್ಯಾಶ್’ ನಾಟಕ, ‘ಬಾಂಬ್‌ಶೆಲ್’ ಅಲ್ಲ. ಅಲ್ಲೂ ‘ಬಾಂಬ್‌ಶೆಲ್’ ಪಾತ್ರಗಳು ಕಟ್ಟಲು ಹೊರಟ ನಾಟಕವಷ್ಟೇ.