ಸಮೀಕ್ಷೆಯ ಅಂಕಿಗಳಲ್ಲಿ ಸಮಾಜದ ಮನಸ್ಸು ಸಿಗುತ್ತದೆಯೇ?

ಪರ

ಕಪ್ಪು ಮತ್ತು ಬಿಳಿ ಜನಾಂಗದವರು ಪರಸ್ಪರ ಮದುವೆಯಾಗುವುದನ್ನು ಒಪ್ಪುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಅಮೆರಿಕನ್ನರನ್ನು ಕೇಳಿದಾಗ ಹೌದು ಎಂದವರು ಶೇ 4. 2021ರಲ್ಲಿ ಶೇ 94. ಇಂಥ ಮದುವೆಗಳ ಮೇಲಿದ್ದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1967ರಲ್ಲೇ ರದ್ದು ಮಾಡಿತ್ತು. ಒಪ್ಪುವವರು ಅರ್ಧ ದಾಟಿದ್ದು ಮಾತ್ರ 1990ರ ದಶಕದಲ್ಲಿ. ಕಾನೂನು ಬದಲಾದ ಎಷ್ಟು ಕಾಲಕ್ಕೆ ಮನಸ್ಸು ಬದಲಾಯಿತು ಎಂಬುದನ್ನು ತೀರ್ಪಿನ ಪ್ರತಿ ಹೇಳಲಾರದು. ದಶಕಗಟ್ಟಲೆ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದ ಸಮೀಕ್ಷೆ ಹೇಳುತ್ತದೆ.

ಸಾವಿರ ಜನರನ್ನು ಕೇಳಿ ಇಡೀ ದೇಶದ ಮಾತಾಡುವುದು ಹೇಗೆ ಎಂಬುದು ಹಳೆಯ ಆಕ್ಷೇಪ. ಅನ್ನ ಬೆಂದಿದೆಯೇ ತಿಳಿಯಲು ಅಗುಳೊಂದನ್ನು ಹಿಚುಕಿದರೆ ಸಾಕು. ಎಲ್ಲರಿಗೂ ಸಮಾನ ಅವಕಾಶವಿರುವಂತೆ, ಚೀಟಿ ಎತ್ತಿದ ಹಾಗೆ ಆರಿಸಿದರೆ 1,000 ಜನರ ಉತ್ತರ 100ರಲ್ಲಿ 95 ಸಲ ನಿಜಸ್ಥಿತಿಗಿಂತ ಸುಮಾರು 3 ಶೇಕಡಾಂಶ ಆಚೀಚೆ ಇರುತ್ತದೆ, ಅಷ್ಟೆ. ಆ ಅಂತರವನ್ನು ಅರ್ಧಕ್ಕಿಳಿಸಲು 4,000 ಜನ ಬೇಕು. ಆದರೆ ಆಯ್ಕೆಯೇ ಕೆಟ್ಟರೆ ಸಂಖ್ಯೆ ಕಾಪಾಡದು: 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಕಲೆಹಾಕಿ, ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟ್ ಪಾಲಾದವು.

ಜನ ಮುಜುಗರದಿಂದ ಸುಳ್ಳು ಹೇಳುತ್ತಾರಲ್ಲ ಎನ್ನುವವರಿಗೂ ಉತ್ತರವಿದೆ. ಉತ್ತರಿಸುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದಕ್ಕೆ ನಾಲ್ಕು ಸಾಧಾರಣ ಹೇಳಿಕೆ, ಇನ್ನೊಂದಕ್ಕೆ ಅವೇ ನಾಲ್ಕರ ಜೊತೆ ಮುಜುಗರದ ಐದನೆಯದು. ಯಾವುದನ್ನು ಎನ್ನದೆ, ಎಷ್ಟನ್ನು ಒಪ್ಪುತ್ತೀರಿ ಎಂದಷ್ಟೇ ಕೇಳಬೇಕು. ಸರಾಸರಿ ಮೊದಲ ಗುಂಪಿನಲ್ಲಿ 2.1, ಎರಡನೆಯದರಲ್ಲಿ 2.4 ಬಂದರೆ ಐದನೆಯ ಮಾತನ್ನು ಒಪ್ಪುವವರು ಶೇ 30ರಷ್ಟು. ಯಾರೊಬ್ಬರ ಗುಟ್ಟೂ ಬಯಲಾಗುವುದಿಲ್ಲ.

ವಿರೋಧ

ಅಗುಳಿನ ಮಾತು ಸರಿ, ಪಾತ್ರೆಯ ಎಲ್ಲ ಕಡೆಯ ಅಗುಳೂ ಕೈಗೆ ಬರುವುದಾದರೆ. ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಿಗೆ ಉತ್ತರಿಸುವವರ ಪ್ರಮಾಣ 1997ರಲ್ಲಿ ಶೇ 36 ಇದ್ದದ್ದು 2018ರಲ್ಲಿ ಶೇ 6ಕ್ಕೆ ಇಳಿಯಿತು. ಜನಸಂಖ್ಯೆಯಲ್ಲಿ ಶೇ 20 ಇರುವ ಯುವಜನ ಮಾದರಿಯಲ್ಲಿ ಶೇ 10 ಮಾತ್ರ ಸಿಕ್ಕರೆ ಒಬ್ಬೊಬ್ಬರನ್ನೂ ಇಬ್ಬರೆಂದು ಎಣಿಸಿ ಸರಿದೂಗಿಸುತ್ತಾರೆ. ವಯಸ್ಸು, ಲಿಂಗ, ಓದು ಇವಕ್ಕೆ ಜನಗಣತಿಯ ಅಳತೆಗೋಲಿದೆ. ನಂಬಿಕೆಗೆ ಯಾವ ಗಣತಿಯಿದೆ? ಅಪರಿಚಿತ ಕರೆಯನ್ನು ಎತ್ತಿ ಇಪ್ಪತ್ತು ನಿಮಿಷ ಮಾತಾಡುವವರನ್ನೇ ‘ಜನರನ್ನು ನಂಬುತ್ತೀರಾ’ ಎಂದು ಕೇಳಿದರೆ, ಫಲಿತಾಂಶ ಮೊದಲೇ ಒಂದು ಕಡೆ ವಾಲಿರುತ್ತದೆ.

ಸಣ್ಣ ಪ್ರತಿಫಲಕ್ಕಾಗಿ ಆನ್‌ಲೈನ್‌ನಲ್ಲಿ ತಾವಾಗಿ ಬಂದು ಉತ್ತರಿಸುವವರದು ಬೇರೆ ಕಷ್ಟ. ಅಂಥವರನ್ನು ಪ್ಯೂ ಪರೀಕ್ಷಿಸಿದಾಗ, 30ರ ಒಳಗಿನವರಲ್ಲಿ ಶೇ 12 ಮಂದಿ ತಮಗೆ ಪರಮಾಣು ಜಲಾಂತರ್ಗಾಮಿ ನಡೆಸುವ ಪರವಾನಗಿ ಇದೆ ಎಂದರು! ಬೇಗ ಮುಗಿಸಲು ಎಲ್ಲಕ್ಕೂ ‘ಹೌದು’ ಒತ್ತುವವರು ಸೇರಿಕೊಂಡರೆ, ತೀರಾ ವಿರಳವಾದ ನಂಬಿಕೆಯೂ ಒಂದು ಪೀಳಿಗೆಯದೇ ಎನ್ನುವಂತೆ ಕಾಣುತ್ತದೆ.

ಪದ ಬದಲಾದರೂ ಸಾಕು. ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕೇಳಿದಾಗ ಶೇ 62 ಜನ ಬೇಡ ಎಂದರು. ನಿಷೇಧಿಸಬೇಕೇ ಎಂದಾಗ ಹೌದು ಎಂದವರು ಶೇ 46. ಯಾವುದನ್ನು ಸಮಾಜದ ಮನಸ್ಸು ಎನ್ನೋಣ?

ಇನ್ನು ನುಡಿಗೂ ನಡೆಗೂ ಇರುವ ದೂರ. ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ಅಮೆರಿಕ ಸುತ್ತಿದರು. 251 ಊಟದ, ವಸತಿಯ ಜಾಗಗಳಲ್ಲಿ ಒಳಗೆ ಬಿಡದೇ ಇದ್ದದ್ದು ಒಂದೇ ಕಡೆ. ತಿಂಗಳುಗಳ ನಂತರ ಚೀನೀಯರನ್ನು ಸೇರಿಸುತ್ತೀರಾ ಎಂದು ಪತ್ರದಲ್ಲಿ ಕೇಳಿದರೆ, ಉತ್ತರಿಸಿದ 128 ಕಡೆಗಳಲ್ಲಿ ಶೇ 90ಕ್ಕೂ ಹೆಚ್ಚು ಇಲ್ಲ ಎಂದವು. ಪತ್ರ ಬರೆದವರೇ ಅಂದು ಬಾಗಿಲಲ್ಲಿದ್ದವರು ಎನ್ನಲಾಗದು, ನಿಜ. ಆದರೂ ಆ ಪತ್ರಗಳನ್ನಷ್ಟೇ ಓದಿದವರು, ಆ ದಂಪತಿಗೆ ರಾತ್ರಿ ತಂಗಲು ಎಲ್ಲೂ ಜಾಗ ಸಿಕ್ಕಿರಲಿಕ್ಕಿಲ್ಲ ಎಂದೇ ತಿಳಿಯುತ್ತಿದ್ದರು.