ನಾಲ್ಕೇ ನಾಲ್ಕು ವೈರ್

"ಇದೇನ್ ಮಹಾ, ನಾಲ್ಕೇ ನಾಲ್ಕು ವೈರ್" ಎಂದು ಯಾರಾದರೂ ಅಂದರೆ, ಕಾಫಿ ಅರ್ಧಕ್ಕೆ ಬಿಟ್ಟಾದರೂ ಸರಿ, ಚಪ್ಪಲಿ ಮೆಟ್ಟಿ ಹೊರಟುಬಿಡಿ. ನಮ್ಮ ಭಾವನ ಬಾಯಲ್ಲಿ ಈ ಮಾತು ಮೊದಲು ಬಂದದ್ದು 1999ರಲ್ಲಿ. ಆ ನಾಲ್ಕು ವೈರಿನ ಕೆಲಸ ಮೊನ್ನೆ ಭಾನುವಾರಕ್ಕೂ ಮುಗಿದಿಲ್ಲ. ಟಾರ್ಚ್ ಹಿಡಿಯೋದು ಅಂದೂ ನಾನೇ, ಇಂದೂ ನಾನೇ. ಭಾಮೈದ ಅಂತ ಒಬ್ಬ ಇರೋದು ಇನ್ಯಾತಕ್ಕೆ ಹೇಳಿ?

ಆಗ ಭಾವನ ಹತ್ತಿರ ಒಂದು ಒಳ್ಳೆ ಆಡಿಯೋ ಸಿಡಿ ಪ್ಲೇಯರ್ ಇತ್ತು. ಗಲ್ಫ್‌ನಲ್ಲಿದ್ದ ಸ್ನೇಹಿತರು ತಂದುಕೊಟ್ಟದ್ದು. ಪಾಪ, ತನ್ನ ಪಾಡಿಗೆ ಭಾವಗೀತೆ ಹಾಡಿಕೊಂಡಿತ್ತು. ಅಷ್ಟರಲ್ಲಿ ಅವರ ಬೀದಿಗೆ ವಿಸಿಡಿ, ಅಂದರೆ ಸಿನಿಮಾ ತುಂಬಿದ ಸಿಡಿ, ಬಾಡಿಗೆಗೆ ಕೊಡುವ ಅಂಗಡಿ ಬಂತು. ಹೊಸ ವಿಸಿಡಿ ಪ್ಲೇಯರಿಗೆ ದುಡ್ಡು ಜಾಸ್ತಿ. ಭಾವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅಂಗೈಯಗಲದ ಒಂದು ಹಸಿರು ಕಾರ್ಡ್ ತಂದರು. ಎಂಪೆಗ್ ಕಾರ್ಡ್. ಹಳೇ ಪ್ಲೇಯರಿಗೆ ಇದನ್ನು ಕೂರಿಸಿದರೆ ಸಿನಿಮಾನೇ ಬರುತ್ತೆ ಅಂತ ಅಂಗಡಿಯವನು ಹೇಳಿದ್ದನಂತೆ.

ಅವನೇನೂ ಸುಳ್ಳು ಹೇಳಿರಲಿಲ್ಲ. ಹಾಡಿನ ಸಿಡಿ, ವಿಸಿಡಿ ಎರಡೂ ಒಂದೇ ಅಳತೆ, ತಿರುಗುವ ವೇಗವೂ ಒಂದೇ. 1993ರಲ್ಲಿ ವಿಸಿಡಿಯ ಲೆಕ್ಕ ಹಾಕಿದವರು ಚಿತ್ರ, ಶಬ್ದ ಎರಡನ್ನೂ ಹಿಂಡಿ ಹಿಂಡಿ, ಬರೀ ಹಾಡು ಹಿಡಿಸುತ್ತಿದ್ದ ಜಾಗಕ್ಕೇ ತುರುಕಿದ್ದರು. ಹಾಗಾಗಿ ಆಡಿಯೋ ಪ್ಲೇಯರ್ ವಿಸಿಡಿಯನ್ನು ಓದುತ್ತೆ, ಅರ್ಥ ಮಾತ್ರ ಆಗಲ್ಲ. ಓದಿದ್ದು ಹಾಡಾಗುವ ಚಿಪ್ಪಿಗೆ ಹೋಗುವ ಮೊದಲೇ ದಾರೀಲಿ ಅಡ್ಡಹಾಕಿ ಕಾರ್ಡಿಗೆ ಕೊಡಬೇಕು. ಡೇಟಾಗೆ ಒಂದು ವೈರ್, ಅದಕ್ಕೆ ತಾಳ ಹಾಕುವ ಎರಡು ಕ್ಲಾಕಿಗೆ ಎರಡು, ಗ್ರೌಂಡಿಗೆ ಒಂದು. ಭಾವನ ಎಣಿಕೆ ಸರಿಯಾಗೇ ಇತ್ತು.

ಕಾರ್ಡಿಗೆ ಕರೆಂಟೂ ಬೇಕು ಅನ್ನೋದನ್ನ ಎಣಿಸಿರಲಿಲ್ಲ, ಅಷ್ಟೇ. ಪ್ಲೇಯರಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಇಬ್ಬರನ್ನು ಸಾಕುವ ಸ್ಥಿತಿಯಲ್ಲಿರಲಿಲ್ಲ. ಬೇರೆ ಅಡಾಪ್ಟರ್ ಬಂತು. ಅದನ್ನು ಐದು ವೋಲ್ಟಿಗೆ ಇಳಿಸುವ 7805 ಅನ್ನೋ ಮೂರು ಕಾಲಿನ ಚಿಪ್ ಬಂತು. ಅದು ಕಾಯುತ್ತೆ ಅಂತ ಅಲ್ಯೂಮಿನಿಯಂ ತಗಡು ಬಂತು. ಕೊನೆಗೆ ಚಿತ್ರವೂ ಬಂತು, ಕಪ್ಪು ಬಿಳುಪಿನಲ್ಲಿ. "ಹಳೇ ಸಿನಿಮಾ ಇರಬೇಕು" ಅಂದರು ಭಾವ. ಅದು ಥಿಯೇಟರಿನಿಂದ ಎದ್ದು ವರ್ಷವೂ ಆಗಿರಲಿಲ್ಲ. ಟೀವಿಗೆ ಬಣ್ಣ ಕಳಿಸೋದರಲ್ಲಿ ದೇಶಕ್ಕೊಂದು ಪದ್ಧತಿ. ಕಾರ್ಡ್ ಕಳಿಸುತ್ತಿದ್ದದ್ದು ಎನ್‌ಟಿಎಸ್‌ಸಿ, ನಮ್ಮ ಟೀವಿಗೆ ಬೇಕಿದ್ದದ್ದು ಪಾಲ್. ಕಾರ್ಡಿನ ಎರಡು ಪಿನ್ ಜೋಡಿಸುವ ಪುಟ್ಟ ಜಂಪರ್ ಕಿತ್ತು ಪಕ್ಕಕ್ಕೆ ಚುಚ್ಚಿದ ಮೇಲೆ ನಾಯಕಿಯ ಸೀರೆಗೆ ಬಣ್ಣ ಹತ್ತಿತು.

ಮುಚ್ಚಳ ಹಾಕಿ, ಸ್ಕ್ರೂ ಬಿಗಿಸಿ, ಇಲ್ಲಿಗೇ ಮುಗಿಸಬಹುದಿತ್ತು ಅಲ್ವಾ? ಆದರೆ ನಮ್ಮ ಭಾವ ಬಿಚ್ಚಿದ್ದಕ್ಕೆ ಜನ್ಮದಲ್ಲಿ ಮುಚ್ಚಳ ಹಾಕಿದವರಲ್ಲ. "ಹೆಂಗಿದ್ರೂ ಮತ್ತೆ ಬಿಚ್ಚಬೇಕು, ಸುಮ್ನೆ ಯಾಕೆ?" ಮಿಕ್ಸಿ, ಕಾಲಿಂಗ್ ಬೆಲ್, ಇಸ್ತ್ರಿಪೆಟ್ಟಿಗೆ, ಎಲ್ಲವೂ ಆ ಮನೆಯಲ್ಲಿ ಕರುಳು ತೋರಿಸಿಕೊಂಡೇ ಬದುಕುತ್ತವೆ. ಬಿಚ್ಚಿದ ಸ್ಕ್ರೂಗಳೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ಅದಕ್ಕೊಂದಕ್ಕೆ ಮುಚ್ಚಳ ಇದೆ, ಅದೂ ಅಕ್ಕ ಹಾಕಿದ್ದು. ಇನ್ನು ಪ್ಲೇಯರಿನ ಮುಚ್ಚಳ ತಾರಸಿ ಸೇರಿ ಕಾಲವಾಯಿತು. ಗಾಳಿಯಾಡಲು ಉದ್ದಕ್ಕೂ ಸೀಳುಗಳಿವೆಯಲ್ಲ, ಸಂಡಿಗೆ ಚೆನ್ನಾಗಿ ಒಣಗುತ್ತಂತೆ. ತೆರೆದ ಪ್ಲೇಯರಿನ ಮೇಲೆ ಅಕ್ಕನ ಕ್ರೋಶಾ ಬಟ್ಟೆ. ನೆಂಟರು ಸಿನಿಮಾ ನೋಡಲು ಬಂದರೆ ಮೊದಲು ಆ ಬಟ್ಟೆ ಸರಿಸಿ, ಡಿಸ್ಕ್ ತಿರುಗುವುದನ್ನು ತೋರಿಸಿ, ನಾಲ್ಕು ವೈರಿನ ಕಥೆ ಹೇಳಿದ ಮೇಲೇ ಟೀವಿ. ಡಿಸ್ಕಿಗೆ 74 ನಿಮಿಷ, ಹಾಗಾಗಿ ಸಿನಿಮಾದ ನಡುವೆ ಡಿಸ್ಕ್ ಬದಲಿಸಲೇಬೇಕು. ಆಗ ಇನ್ನೊಮ್ಮೆ ಪ್ರದರ್ಶನ. ಒಂದ್ಸಲ 7805ರ ಪಕ್ಕ ಹಲ್ಲಿ ಸಿಕ್ಕಿತು. "ಅದಕ್ಕೂ ಬೆಚ್ಚಗಿರಬೇಕಲ್ಲ, ಬಿಡು" ಅಂದುಬಿಟ್ಟರು.

ಮೊನ್ನೆ ಅಕ್ಕನ ಮಗಳಿಗೆ ಅಪ್ಪ ಅಮ್ಮನ ಮದುವೆ ನೋಡುವ ಆಸೆ ಬಂತು. ಆಗಿನ ಕ್ಯಾಸೆಟ್ಟನ್ನು ಆಮೇಲೆ ಸ್ಟುಡಿಯೋದವರು ಮೂರು ವಿಸಿಡಿ ಮಾಡಿಕೊಟ್ಟಿದ್ದರು. ಹೊಸ ಟೀವಿಯ ಹಿಂದೆ ಪ್ಲೇಯರಿನಿಂದ ಚಿತ್ರ ತರುವ ಹಳದಿ ಪಿನ್ ಚುಚ್ಚುವ ತೂತೇ ಇಲ್ಲ. ಅದಕ್ಕೊಂದು ಗಿಡ್ಡ ವೈರ್ ಬರುತ್ತೆ. ಅದು ಟೀವಿಯ ಡಬ್ಬದಲ್ಲಿತ್ತು. ಡಬ್ಬ ಗುಜರಿಗೆ ಹೋಗಿತ್ತು. ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆದವನು ಯಾರು ಅಂತ ಬೇರೆ ಹೇಳಬೇಕಿಲ್ಲ. ಬಂದರೆ ಪ್ಲೇಯರ್ ಡಿಸ್ಕ್ ಓದಲ್ಲ. ಲೆನ್ಸಿಗೆ ಹತ್ತಿ ಸವರಿ, ಒಂದು ಮೂಲೆಗೆ ಬೆಂಕಿಪೊಟ್ಟಣ ಕೊಟ್ಟು ಓರೆ ಮಾಡಿದಾಗ ಓದಿತು. "ಟಾರ್ಚ್ ಇನ್ನೂ ಹತ್ರ ಹಿಡಿ" ಅಂದರು ಭಾವ. ಹಿಡಿದೆ. 7805 ಈಗಲೂ ಎಷ್ಟು ಕಾಯುತ್ತೆ ಅನ್ನೋದು ನನ್ನ ಹೆಬ್ಬೆರಳಿಗೆ ಗೊತ್ತು. ಇವತ್ತೂ ಉರಿಯುತ್ತಿದೆ.

ವಿಸಿಡಿಯ ಚಿತ್ರ ಅಂದರೆ 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಅದನ್ನು ಗೋಡೆಯಗಲದ ಟೀವಿಗೆ ಎಳೆದರೆ ಮದುಮಗ ಯಾರು, ಪುರೋಹಿತರು ಯಾರು ಅಂತ ಊಹೆ ಮಾಡಬೇಕು. ಧಾರೆ ಹೊತ್ತಿಗೆ ಅಜ್ಜಿ ಬಂದರು. ವಿಡಿಯೋ ಲೈಟು ಕಣ್ಣಿಗೆ ಬಿದ್ದು, ಕೈ ಅಡ್ಡ ಹಿಡಿದು ಏನೋ ಬೈಯುತ್ತಿದ್ದಾರೆ. ಬೈಗುಳ ಕೇಳಿಸಲ್ಲ. ಸ್ಟುಡಿಯೋದವರು ಪೂರ್ತಿ ನಾದಸ್ವರ ಸುರಿದಿದ್ದಾರೆ. ಅಜ್ಜಿಯ ದನಿ ನಮ್ಮ ಯಾರ ಹತ್ತಿರವೂ ಇಲ್ಲ. "ಇನ್ನೊಂದ್ಸಲ ಹಾಕ್ರೀ" ಅಂದಳು ಅಕ್ಕ. ಹಾಕಿದರೆ ಅಜ್ಜಿಯ ಮುಖ ಚೌಕ ಚೌಕವಾಗಿ ಅಲ್ಲೇ ನಿಂತಿತು. ಏನು ಮಾಡಿದರೂ ಮುಂದಕ್ಕೆ ಹೋಗಲಿಲ್ಲ.

ಮೂರನೆಯದು ಊಟದ ಡಿಸ್ಕ್. ಅದಕ್ಕೆ ಒಂದು ಗೀರೂ ಇಲ್ಲ. ಯಾರ ಕಡೆಯವರೆಂದು ಇವತ್ತಿಗೂ ಪತ್ತೆಯಾಗದ ಒಬ್ಬರು ಚಿರೋಟಿ ಪುಡಿ ಮಾಡಿ, ಸಕ್ಕರೆ ಕಲಸಿ, ಹಾಲು ಹಾಕಿಸಿಕೊಂಡು ತಿಂದದ್ದನ್ನು ಪೂರ್ತಿ ನೋಡಿದೆವು.

"ಅಪ್ಪಾ, ಇದನ್ನೆಲ್ಲ ಪೆನ್ ಡ್ರೈವಿಗೆ ಹಾಕಿಸಿಬಿಡೋಣ" ಅಂದಳು ಮಗಳು. ಭಾವ ಒಪ್ಪಿಕೊಂಡೇಬಿಟ್ಟರು. ನನಗೆ ಆಗಲೇ ಅನುಮಾನ ಬಂತು. ಹೊರಡುವಾಗ ಗೇಟಿನ ಹತ್ತಿರ ಮೆಲ್ಲಗೆ ಕೇಳಿದರು, "ಪೆನ್ ಡ್ರೈವ್ ಹಾಕೋಕೂ ಒಂದು ಕಾರ್ಡ್ ಬರುತ್ತಂತಲ್ಲೋ. ನಮ್ಮ ಪ್ಲೇಯರಿಗೇ ಕೂರಿಸಿಬಿಡೋಣ. ಮುಂದಿನ ವಾರ ಬಾ."

"ಟೀವಿಯಲ್ಲೇ ಪೆನ್ ಡ್ರೈವ್ ಹಾಕೋ ಜಾಗ ಇದೆಯಲ್ಲ ಭಾವ?"

"ಟೀವೀಲಿ ಇದೆ ಕಣೋ. ಪ್ಲೇಯರಲ್ಲಿ ಇಲ್ವಲ್ಲ."